ಕಾಡಿನ ಪಾರುಪತ್ಯಗಾರ ಕ್ಲೆಗ್‌ಹಾರ್ನ್

ದಕ್ಷಿಣ ಭಾರತದ ಅರಣ್ಯ ಆಡಳಿತಕ್ಕೆ ತಳಹದಿ ಹಾಕಿದವರ ಸಾಲಿನಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಅವರದು ಮೊದಲ ಹೆಸರು. ಕಾಡಿನ ಅಳಿವು-ಉಳಿವಿನ ಬಗ್ಗೆ ಅವರು ಯೋಚಿಸತೊಡಗಿದ್ದು ಶಿವಮೊಗ್ಗದಲ್ಲಿ ಎಂಬ ಸಂಗತಿ ಮಾತ್ರ ಆ ಊರಿನಲ್ಲೂ ಹೆಚ್ಚು ಜನರಿಗೆ ತಿಳಿದಿರಲಾರದು.

1820ರಲ್ಲಿ ಮದರಾಸಿನಲ್ಲಿ ಜನಿಸಿದ ಅವರು ಬೆಳೆದದ್ದು ಸ್ಕಾಟ್ಲೆಂಡಿನ ಕ್ರೈಸ್ತ ಶ್ರದ್ಧೆಯ ಪರಿಸರದಲ್ಲಿ. ಎಡಿನ್‌ಬರೋದಲ್ಲಿ 1841ರಲ್ಲಿ ವೈದ್ಯ ಪದವಿ ಪಡೆದು, ಮರುವರ್ಷ ಕಂಪನಿಯ ಸೇವೆಗೆಂದು ಭಾರತಕ್ಕೆ ಮರಳಿದರು. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1840ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗಕ್ಕೆ ನಿಯುಕ್ತರಾದ ಈ ಯುವ ವೈದ್ಯರು, ಸಸ್ಯವಿಜ್ಞಾನಿ ವಿಲಿಯಂ ಹೂಕರ್ ಅವರ ಸಲಹೆಯಂತೆ, ದಿನಕ್ಕೊಂದು ಗಿಡವನ್ನು ಹತ್ತಿರದಿಂದ ನೋಡಿ ಅರಿಯುವ ನೇಮ ಹಿಡಿದರು. ದೇಶೀಯ ಚಿತ್ರಕಾರನೊಬ್ಬನಿಂದ ಮಲೆನಾಡಿನ ಸಸ್ಯಗಳ ಚಿತ್ರ ಬರೆಯಿಸಿದರು. ಅವರ ಸಂಗ್ರಹದ ಚಿತ್ರಗಳು ಇಂದಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ.

ಗಿಡವನ್ನು ನೋಡಲು ಹೊರಟ ಕಣ್ಣಿಗೆ ಬೋಳಾದ ಗುಡ್ಡವೂ ಕಂಡಿತು. ಕಾಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು ಮುಂದೆ ಸಾಗುವ ಕುಮರಿ ಬೇಸಾಯ ಅವರನ್ನು ಕಳವಳಗೊಳಿಸಿತು. ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ ಅವರು, 1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಸ್ಥೆಯ ಮುಂದೆ ಉಷ್ಣವಲಯದ ಅರಣ್ಯನಾಶದ ಪರಿಣಾಮಗಳನ್ನು ಕುರಿತ ವರದಿಯನ್ನು ಇತರ ಮೂವರೊಡನೆ ಮಂಡಿಸಿದರು. ಕಾಡಿಗೂ ನೀರಿಗೂ ಮಣ್ಣಿಗೂ ಇರುವ ನಂಟು ಆಳುವವರ ಗಮನಕ್ಕೆ ಬರುವಲ್ಲಿ ಆ ವರದಿಯ ಪಾತ್ರ ದೊಡ್ಡದು. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದುದರ ಹಿಂದೆಯೂ ಅವರ ಸಲಹೆಯಿತ್ತು. ಅದೇ ವರ್ಷ ಅವರು ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು.

ಕ್ರೈಸ್ತ ಧರ್ಮಗ್ರಂಥದ ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿರಿಸಿದ್ದು ಅದನ್ನು ವ್ಯವಸಾಯ ಮಾಡಲು ಮತ್ತು ಕಾಯಲು. ಭೂಮಿ ಮನುಷ್ಯನ ಸ್ವತ್ತಲ್ಲ. ಅವನು ಒಡೆಯನಿಗೆ ಲೆಕ್ಕ ಒಪ್ಪಿಸಬೇಕಾದ ಪಾರುಪತ್ಯಗಾರ ಮಾತ್ರ. ಈ ಅಳತೆಗೋಲಿನಿಂದ ನೋಡಿದರೆ ಕ್ಲೆಗ್‌ಹಾರ್ನ್ ಅವರ ಬದುಕಿನ ಹಿರಿಮೆ ಸ್ಪಷ್ಟ. ಅವರಿಗಿಂತ ಮುಂಚೆ ಕಾಡೆಂದರೆ ಅಧಿಕಾರಿಗಳಿಗೆ ಬಹುಮಟ್ಟಿಗೆ ಮರಮುಟ್ಟಿನ ಉಗ್ರಾಣ. ನಾಳಿನವರಿಗೂ ಉಳಿಸಬೇಕಾದ ನಿಧಿ ಅದೆಂದು ಅವರು ವಾದಿಸಿದರು.

ಆದರೆ ಅದೇ ಗ್ರಂಥದ ಯಾಜಕಕಾಂಡದಲ್ಲಿ ಇನ್ನೊಂದು ವಿಧಿಯಿದೆ. ಕೊಯ್ಲಿನ ವೇಳೆ ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕ್ಲೆಗ್‌ಹಾರ್ನ್ ಅವರ ಲೆಕ್ಕ ಸರಿಹೊಂದದಿರುವುದು ಇಲ್ಲಿ. 1860ರಲ್ಲಿ ಮದರಾಸು ಪ್ರಾಂತದ ಸರ್ಕಾರಿ ಕಾಡುಗಳಲ್ಲಿ ಕುಮರಿಗೆ ನಿರ್ಬಂಧ ಬಂದಾಗ, ತಲೆಮಾರುಗಳಿಂದ ಅದನ್ನೇ ನಂಬಿದ್ದ ಬೆಟ್ಟದ ಜನರ ಪಾಲಿನ ಅಂಚು ಇಲ್ಲವಾಯಿತು. ಅತ್ತ ಮದರಾಸು ಪ್ರಾಂತದ ರೈಲು ಹಳಿಗಳ ಸ್ಲೀಪರುಗಳಿಗೆಂದೇ ವರ್ಷಕ್ಕೆ 35,000 ಮರಗಳು ಬೇಕೆಂಬ ಅಂದಾಜು ಆ ಕಾಲದ್ದೇ. ಬಡವನ ಕೊಡಲಿಗೆ ತಡೆ, ಸಾಮ್ರಾಜ್ಯದ ಕೊಡಲಿಗೆ ಪರವಾನಗಿ ಎಂಬಂತಾಯಿತು. ಕಡಿತಕ್ಕೆ ಮಿತಿ ಹಾಕಲು, ಹೊಸದಾಗಿ ನೆಡಲು ಅವರು ಶ್ರಮಿಸಿದ್ದು ನಿಜ. ಕಾಡು ಯಾರಿಗಾಗಿ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಮುಂದೆ ಪಂಜಾಬ್, ಹಿಮಾಲಯದ ಕಾಡುಗಳಲ್ಲೂ ದುಡಿದು, ಸ್ಕಾಟ್ಲೆಂಡಿಗೆ ಮರಳಿ ಅರಣ್ಯಶಾಸ್ತ್ರದ ಶಿಕ್ಷಣಕ್ಕೆ ಶ್ರಮಿಸಿದ ಅವರು 1895ರಲ್ಲಿ ನಿಧನರಾದರು. ಅನಂತರ ಮೂರು ದಶಕಗಳೊಳಗೆ ಶಿವಮೊಗ್ಗದ ನೆರೆಯ ಭದ್ರಾವತಿಯಲ್ಲಿ, ಅಂದರೆ ಹಿಂದಿನ ಬೆಂಕಿಪುರದಲ್ಲಿ, ಆ ಪ್ರಶ್ನೆ ಹೊಸ ರೂಪ ತಾಳಿತು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಬೇಕಾದುದು ಮಲೆನಾಡಿನ ಕಟ್ಟಿಗೆಯ ಇದ್ದಿಲು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಕಾಡು ಬೆಲೆ ತೆತ್ತಿತು.

ಕಾಡು ಕಾಯುವ ಕರ್ತವ್ಯ, ಬಡವರಿಗೆ ಅಂಚು ಬಿಡುವ ಕರ್ತವ್ಯ ಎರಡೂ ಒಂದೇ ವಿಧಿಯ ಭಾಗಗಳು. ಕ್ಲೆಗ್‌ಹಾರ್ನ್ ಮೊದಲನೆಯದನ್ನು ನಮಗೆ ಕಲಿಸಿಹೋದರು. ಅರಣ್ಯಭೂಮಿಯ ಹಕ್ಕಿಗಾಗಿ ಮಲೆನಾಡಿನ ಜನ ಇಂದಿಗೂ ಅರ್ಜಿ ಹಿಡಿದು ಅಲೆಯುತ್ತಿರುವಾಗ, ಎರಡನೆಯದರ ಲೆಕ್ಕ ಒಪ್ಪಿಸಬೇಕಾದವರು ನಾವು.