ನೆಲ ಮಾರಲು ಹಳಿ ಹಾಸಿದ ಹಂಟಿಂಗ್ಟನ್

ಲಾಸ್ ಏಂಜಲೀಸ್ ಎಂದೊಡನೆ ನೆನಪಾಗುವುದು ಕಾರು. ಹತ್ತು ಪಥಗಳ ಹೆದ್ದಾರಿ, ಮುಗಿಯದ ವಾಹನದಟ್ಟಣೆ, ಹಾಲು ತರಲೂ ಕಾರಿನ ಕೀಲಿ ಹುಡುಕಬೇಕಾದ ಬಡಾವಣೆಗಳು. ಕಾಲ್ನಡಿಗೆಯವರನ್ನು ಮರೆತ ಮಹಾನಗರಗಳ ಮಾತು ಬಂದಾಗಲೆಲ್ಲ ಮೊದಲ ಉದಾಹರಣೆಯಾಗಿ ನಿಲ್ಲುವುದು ಇದೇ ಊರು. ಆದರೆ ನೂರು ವರ್ಷಗಳ ಹಿಂದೆ ಇಲ್ಲಿ ಸಾವಿರ ಮೈಲಿಗೂ ಮೀರಿದ ವಿದ್ಯುತ್ ರೈಲು ಹಳಿಗಳಿದ್ದವು ಎಂಬುದು ಹಲವರಿಗೆ ತಿಳಿಯದ ಸಂಗತಿ. ಕಡಲ ತೀರದಿಂದ ಬೆಟ್ಟದ ತಪ್ಪಲಿನವರೆಗೆ ಕೆಂಪು ಬಣ್ಣದ ರೈಲುಗಳು ಓಡುತ್ತಿದ್ದವು. ಆ ಜಾಲಕ್ಕೆ ತಳಹದಿ ಹಾಕಿದವನು ಹೆನ್ರಿ ಎಡ್ವರ್ಡ್ಸ್ ಹಂಟಿಂಗ್ಟನ್. ರೈಲಿನ ಊರು ಕಾರಿನ ಊರಾಗಿ ಬದಲಾದ ಕಥೆಯ ಮೊದಲ ಅಧ್ಯಾಯವೂ ಆತನ ಬದುಕಿನಲ್ಲೇ ಇದೆ.

ಚಿಕ್ಕಪ್ಪನ ಗರಡಿಯಲ್ಲಿ

ಹಂಟಿಂಗ್ಟನ್ ಹುಟ್ಟಿದ್ದು 1850ರ ಫೆಬ್ರವರಿ 27ರಂದು, ನ್ಯೂಯಾರ್ಕ್ ರಾಜ್ಯದ ಒನಿಯಾಂಟಾ ಎಂಬ ಪುಟ್ಟ ಊರಿನಲ್ಲಿ. ಆತನ ಚಿಕ್ಕಪ್ಪ ಕಾಲಿಸ್ ಹಂಟಿಂಗ್ಟನ್ ಅಮೆರಿಕದ ಪಶ್ಚಿಮಕ್ಕೆ ರೈಲು ತಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ನಾಲ್ವರು ಧಣಿಗಳಲ್ಲಿ ಒಬ್ಬ. ತರುಣ ಹೆನ್ರಿಗೆ ಆ ಚಿಕ್ಕಪ್ಪನೇ ಗುರು, ಅವನೇ ಅನ್ನದಾತ. ಮರ ಕೊಯ್ಯುವ ಕಾರ್ಖಾನೆಯ ಮೇಲ್ವಿಚಾರಣೆಯಿಂದ ಆರಂಭವಾದ ಕೆಲಸ ಕ್ರಮೇಣ ರೈಲುಮಾರ್ಗಗಳ ನಿರ್ಮಾಣ ಹಾಗೂ ಆಡಳಿತದವರೆಗೆ ಬೆಳೆಯಿತು. 1892ರಲ್ಲಿ ಚಿಕ್ಕಪ್ಪನ ಸದರ್ನ್ ಪೆಸಿಫಿಕ್ ಕಂಪನಿಯ ವ್ಯವಹಾರ ನೋಡಿಕೊಳ್ಳಲು ಆತ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ.

1900ರ ಆಗಸ್ಟ್‌ನಲ್ಲಿ ಕಾಲಿಸ್ ತೀರಿಕೊಂಡ. ಸದರ್ನ್ ಪೆಸಿಫಿಕ್‌ನ ಅಧ್ಯಕ್ಷ ಪೀಠ ಹೆನ್ರಿಗೆ ದಕ್ಕಲಿಲ್ಲ. ತನ್ನ ಪಾಲಿಗೆ ಬಂದ ಷೇರುಗಳನ್ನು ರೈಲು ಉದ್ಯಮಿ ಇ. ಎಚ್. ಹ್ಯಾರಿಮನ್‌ಗೆ ಮಾರಿದ ಆತ, ಕೈತುಂಬ ಹಣದೊಂದಿಗೆ ದಕ್ಷಿಣ ಕ್ಯಾಲಿಫೋರ್ನಿಯಾದತ್ತ ಮುಖ ಮಾಡಿದ. ಆಗ ಆತನಿಗೆ ಐವತ್ತು ವರ್ಷ. ಲಾಸ್ ಏಂಜಲೀಸ್‌ನ ಜನಸಂಖ್ಯೆ ಕೇವಲ 1,02,479.

ಮೂರು ಕಂಪನಿ, ಒಂದೇ ಲೆಕ್ಕ

ನಗರದೊಳಗಿನ ಟ್ರಾಮ್ ಸೇವೆಯಾದ ಲಾಸ್ ಏಂಜಲೀಸ್ ರೈಲ್ವೆಯನ್ನು ಹಂಟಿಂಗ್ಟನ್ ಮತ್ತು ಆತನ ಪಾಲುದಾರರು 1898ರಲ್ಲೇ ಕೊಂಡಿದ್ದರು. 1901ರಲ್ಲಿ ಊರಿನಿಂದ ಊರಿಗೆ ವಿದ್ಯುತ್ ರೈಲು ಓಡಿಸುವ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿ ಸ್ಥಾಪನೆಯಾಯಿತು. 1902ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಸುಮಾರು 20 ಮೈಲಿ ದೂರದ ಲಾಂಗ್ ಬೀಚ್‌ಗೆ ಮೊದಲ ದೊಡ್ಡ ಮಾರ್ಗ ತೆರೆಯಿತು.

ಅದೇ ಹೊತ್ತಿಗೆ ಇನ್ನೆರಡು ಸಂಸ್ಥೆಗಳೂ ತಲೆಯೆತ್ತಿದವು. ಒಂದು, ನೆಲ ಕೊಂಡು ನಿವೇಶನ ಮಾಡಿ ಮಾರುವ ಹಂಟಿಂಗ್ಟನ್ ಲ್ಯಾಂಡ್ ಅಂಡ್ ಇಂಪ್ರೂವ್‌ಮೆಂಟ್ ಕಂಪನಿ. ಇನ್ನೊಂದು, ರೈಲಿಗೂ ಹೊಸ ಮನೆಗಳಿಗೂ ವಿದ್ಯುತ್ ಒದಗಿಸುವ ಪೆಸಿಫಿಕ್ ಲೈಟ್ ಅಂಡ್ ಪವರ್. ಮೂರು ಕಂಪನಿಗಳ ಹಿಂದಿನ ಲೆಕ್ಕ ಒಂದೇ ಆಗಿತ್ತು.

ಊರಾಚೆಯ ಕಿತ್ತಳೆ ತೋಟ, ಹುಲ್ಲುಗಾವಲುಗಳನ್ನು ಮೊದಲು ಅಗ್ಗದ ಬೆಲೆಗೆ ಕೊಳ್ಳುವುದು. ಬಳಿಕ ಅಲ್ಲಿಗೆ ಹಳಿ ಹಾಸುವುದು. ರೈಲು ಬಂದ ದಿನವೇ ನೆಲದ ಬೆಲೆ ಏರುತ್ತದೆ. ಆಗ ನಿವೇಶನಗಳನ್ನು ಮಾರುವುದು. ರೈಲಿನ ಟಿಕೆಟ್ಟಿನಿಂದ ಲಾಭ ಬಾರದಿದ್ದರೂ ಚಿಂತೆಯಿಲ್ಲ, ನೆಲದ ಲಾಭ ಆ ನಷ್ಟವನ್ನು ತುಂಬಿ ಮಿಗುತ್ತಿತ್ತು. ಜನವಸತಿ ಬೆಳೆದ ಮೇಲೆ ರೈಲು ಬರುವುದು ಲೋಕರೂಢಿ. ಹಂಟಿಂಗ್ಟನ್ ಬರಿಬಯಲಿಗೆ ಮೊದಲು ರೈಲು ಕಳುಹಿಸಿ, ಆಮೇಲೆ ಜನರನ್ನು ಕರೆದ. ಕಡಲ ತೀರದ ಹಂಟಿಂಗ್ಟನ್ ಬೀಚ್ ಎಂಬ ಊರು ಇಂದಿಗೂ ಆತನ ಹೆಸರನ್ನೇ ಹೊತ್ತಿದೆ.

ಫಲಿತಾಂಶ ಕಣ್ಣಿಗೆ ರಾಚುವಂತಿತ್ತು. 1910ರ ಜನಗಣತಿಯಲ್ಲಿ ಲಾಸ್ ಏಂಜಲೀಸ್‌ನ ಜನಸಂಖ್ಯೆ 3,19,198 ಆಗಿತ್ತು; ಹತ್ತೇ ವರ್ಷಗಳಲ್ಲಿ ಮೂರು ಪಟ್ಟು. ಆದರೆ ಈ ಜನರೆಲ್ಲ ಒತ್ತೊತ್ತಾಗಿ ನೆಲೆಸಲಿಲ್ಲ. ಹಳಿ ಹೋದೆಡೆಯೆಲ್ಲ ಹರಡಿ, ಅಂಗಳವಿರುವ ಒಂಟಿ ಮನೆಗಳಲ್ಲಿ ನೆಲೆ ಕಂಡರು. ನಿಲ್ದಾಣದ ಆಸುಪಾಸಿನ ಬಡಾವಣೆಗಳು ನಡೆದಾಡಲು ಅನುಕೂಲವಾಗಿಯೇ ಇದ್ದವು. ಮನೆಯಿಂದ ಹೊರಟು ಅಂಗಡಿ ದಾಟಿ, ರೈಲು ಹತ್ತಿ ಪೇಟೆ ಸೇರಬಹುದಿತ್ತು. ಒಂದು ಮಾರ್ಗಕ್ಕೂ ಇನ್ನೊಂದಕ್ಕೂ ನಡುವೆ ಮೈಲಿಗಟ್ಟಲೆ ಬಯಲು ಮಾತ್ರ ಹಾಗೇ ಉಳಿದಿತ್ತು.

ಈ ವೈಭವಕ್ಕೆ ಬೆವರು ಸುರಿಸಿದವರ ಪಾಲಿಗೆ ಹಂಟಿಂಗ್ಟನ್ ಕರುಣಾಳುವಾಗಿರಲಿಲ್ಲ. 1903ರ ಏಪ್ರಿಲ್‌ನಲ್ಲಿ ನಗರದ ಮೇನ್ ಸ್ಟ್ರೀಟ್‌ನಲ್ಲಿ ಹಳಿ ಹಾಸುತ್ತಿದ್ದ ಮೆಕ್ಸಿಕನ್ ಕಾರ್ಮಿಕರು ಕೂಲಿ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಆತ ಬಗ್ಗಲಿಲ್ಲ, ಬೇರೆ ಆಳುಗಳನ್ನು ತಂದು ಕೆಲಸ ಮುಂದುವರಿಸಿದ. ಕಾರ್ಮಿಕ ಸಂಘಗಳನ್ನು ತನ್ನ ಕಂಪನಿಗಳ ಹತ್ತಿರ ಬಿಟ್ಟುಕೊಳ್ಳಬಾರದೆಂಬ ಹಟ ಆತನಲ್ಲಿ ಕೊನೆಯವರೆಗೂ ಉಳಿಯಿತು.

ರೈಲಿನಿಂದ ಗ್ರಂಥಾಲಯಕ್ಕೆ

1910ರ ಸುಮಾರಿಗೆ ಹಂಟಿಂಗ್ಟನ್ ಕೈಗೆ ಬರಬೇಕಾದ ಲಾಭದ ಬಹುಪಾಲು ಬಂದಾಗಿತ್ತು. ಪೆಸಿಫಿಕ್ ಎಲೆಕ್ಟ್ರಿಕ್‌ನಲ್ಲಿದ್ದ ತನ್ನ ಪಾಲನ್ನು ಆತ ಸದರ್ನ್ ಪೆಸಿಫಿಕ್‌ಗೆ ಬಿಟ್ಟುಕೊಟ್ಟ. 1911ರಲ್ಲಿ ಹಲವು ಸ್ಥಳೀಯ ರೈಲು ಕಂಪನಿಗಳು ಅದರಲ್ಲಿ ವಿಲೀನಗೊಂಡವು. ನಗರದೊಳಗಿನ ಟ್ರಾಮ್, ನೆಲ ಮತ್ತು ವಿದ್ಯುತ್ ವ್ಯವಹಾರ ಆತನ ಬಳಿಯೇ ಉಳಿದವು.

ಮುಂದಿನ ವರ್ಷಗಳಲ್ಲಿ ಆತನ ಮನಸ್ಸು ಪುಸ್ತಕ, ಚಿತ್ರ, ತೋಟಗಳತ್ತ ತಿರುಗಿತು. 1911ರಲ್ಲಿ ಗುಟೆನ್‌ಬರ್ಗ್ ಬೈಬಲ್‌ನ ಪ್ರತಿಯೊಂದನ್ನು 50,000 ಡಾಲರಿಗೆ ಕೊಂಡು ಜಗತ್ತನ್ನು ಬೆರಗುಗೊಳಿಸಿದ. 1913ರಲ್ಲಿ ಚಿಕ್ಕಪ್ಪನ ವಿಧವೆ ಅರಬೆಲ್ಲಾಳನ್ನು ಪ್ಯಾರಿಸ್‌ನಲ್ಲಿ ಮದುವೆಯಾದದ್ದೂ ಆ ಕಾಲಕ್ಕೆ ದೊಡ್ಡ ಸುದ್ದಿಯೇ. 1921ರಲ್ಲಿ ಗೇನ್ಸ್‌ಬರೋನ ಹೆಸರಾಂತ ಚಿತ್ರ ‘ಬ್ಲೂ ಬಾಯ್’ 7 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಆತನ ಸಂಗ್ರಹ ಸೇರಿತು. ಈ ಸಂಪತ್ತನ್ನೆಲ್ಲ ಆತ 1919ರಲ್ಲೇ ಸ್ಥಾಪಿಸಿದ್ದ ಸಾರ್ವಜನಿಕ ಟ್ರಸ್ಟ್‌ಗೆ ಒಪ್ಪಿಸಿದ. ಸ್ಯಾನ್ ಮರೀನೋದಲ್ಲಿರುವ ಹಂಟಿಂಗ್ಟನ್ ಗ್ರಂಥಾಲಯ, ಕಲಾಸಂಗ್ರಹಾಲಯ ಮತ್ತು ಉದ್ಯಾನ ಇಂದಿಗೂ ವಿದ್ವಾಂಸರ, ಪ್ರವಾಸಿಗರ ನೆಚ್ಚಿನ ತಾಣ.

ಬೀದಿಗಿಳಿದ ಕಾರು

ಆತ ಚಿತ್ರಗಳನ್ನು ಸಂಗ್ರಹಿಸುತ್ತಿದ್ದ ಕಾಲದಲ್ಲೇ ಊರಿನ ಬೀದಿಗಳ ಚಿತ್ರ ಬದಲಾಗತೊಡಗಿತ್ತು. 1920ರ ದಶಕದ ಹೊತ್ತಿಗೆ ತಲಾವಾರು ಕಾರುಗಳ ಸಂಖ್ಯೆಯಲ್ಲಿ ಲಾಸ್ ಏಂಜಲೀಸ್ ಅಮೆರಿಕದ ಮಹಾನಗರಗಳ ಮುಂಚೂಣಿಯಲ್ಲಿತ್ತು. ಟ್ರಾಮ್ ಹಳಿಗಳಿದ್ದದ್ದು ನಡುಬೀದಿಯಲ್ಲಿ. ಕಾರುಗಳು ಹಳಿಯನ್ನೇ ಆಕ್ರಮಿಸಿದವು, ಟ್ರಾಮ್‌ಗಳು ತೆವಳಿದವು. ತಡವಾಗುವ ಟ್ರಾಮ್ ಬಿಟ್ಟು ಜನ ಕಾರು ಕೊಂಡರು, ಟ್ರಾಮ್ ಇನ್ನಷ್ಟು ತಡವಾಯಿತು.

1920ರ ಏಪ್ರಿಲ್‌ನಲ್ಲಿ ನಗರಸಭೆ ಒಂದು ದಿಟ್ಟ ಹೆಜ್ಜೆ ಇಟ್ಟಿತ್ತು. ಪೇಟೆಯ ಬೀದಿಗಳಲ್ಲಿ ಹಗಲು ಹೊತ್ತು ಕಾರು ನಿಲ್ಲಿಸುವುದನ್ನು ನಿಷೇಧಿಸಿತು. ಟ್ರಾಮ್‌ಗಳು ಚುರುಕಾಗಿ ಓಡಿದವು. ಆದರೆ ವ್ಯಾಪಾರ ಕುಸಿಯಿತೆಂದು ವರ್ತಕರೂ, ಹಕ್ಕು ಹೋಯಿತೆಂದು ಕಾರು ಮಾಲೀಕರೂ ಬೊಬ್ಬೆ ಹಾಕಿದ್ದರಿಂದ ಕೆಲವೇ ವಾರಗಳಲ್ಲಿ ನಿಷೇಧ ಸಡಿಲವಾಯಿತು. 1925ರಲ್ಲಿ ಬಂದ ಹೊಸ ಸಂಚಾರ ನಿಯಮ ಪಾದಚಾರಿಗಳನ್ನೇ ಕಟ್ಟಿಹಾಕಿತು. ಗುರುತಿಲ್ಲದ ಕಡೆ ರಸ್ತೆ ದಾಟಿದವನು ಅಪರಾಧಿಯಾದ. ಅಮೆರಿಕದ ಅನೇಕ ನಗರಗಳು ಇದನ್ನೇ ಮಾದರಿಯಾಗಿ ಸ್ವೀಕರಿಸಿದವು. ಅಪಾಯವಿಲ್ಲದಿದ್ದಾಗ ಹೀಗೆ ದಾಟುವವರಿಗೆ ದಂಡ ಹಾಕಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದು 2023ರ ಜನವರಿ 1ರಂದು.

1927ರ ಮೇ 23ರಂದು ಹಂಟಿಂಗ್ಟನ್ ಫಿಲಡೆಲ್ಫಿಯಾದಲ್ಲಿ ಕೊನೆಯುಸಿರೆಳೆದ. ಸ್ಯಾನ್ ಮರೀನೋದ ತನ್ನ ತೋಟದಲ್ಲೇ ಆತನ ಸಮಾಧಿ ಇದೆ. ಮೂರು ವರ್ಷಗಳ ನಂತರದ ಜನಗಣತಿಯಲ್ಲಿ ಊರಿನ ಜನಸಂಖ್ಯೆ 12 ಲಕ್ಷ ದಾಟಿತ್ತು. ಹಳಿಗಳ ನಡುವೆ ಉಳಿದಿದ್ದ ಬಯಲನ್ನೆಲ್ಲ ಕಾರು ನಂಬಿದ ಬಡಾವಣೆಗಳು ತುಂಬುತ್ತಿದ್ದವು.

ಅನಾಥವಾದ ಹಳಿ

ಮುಂದಿನ ಕಥೆ ಇಳಿಮುಖದ್ದು. 1940ರ ಡಿಸೆಂಬರ್ 30ರಂದು ನಗರದ ಮೊದಲ ವೇಗದ ಹೆದ್ದಾರಿ ಅರೋಯೊ ಸೆಕೊ ಪಾರ್ಕ್‌ವೇ ತೆರೆಯಿತು. 1945ರಲ್ಲಿ ಹಂಟಿಂಗ್ಟನ್‌ನ ಹಳೆಯ ಟ್ರಾಮ್ ಕಂಪನಿ, ಜನರಲ್ ಮೋಟಾರ್ಸ್ ಮುಂತಾದವರ ಬೆಂಬಲವಿದ್ದ ನ್ಯಾಷನಲ್ ಸಿಟಿ ಲೈನ್ಸ್ ಬಳಗದ ವಶವಾಯಿತು. ಬಸ್ಸು ಮತ್ತು ಬಿಡಿಭಾಗಗಳ ಮಾರಾಟದಲ್ಲಿ ಏಕಸ್ವಾಮ್ಯಕ್ಕೆ ಸಂಚು ಹೂಡಿದ ಆರೋಪ 1949ರಲ್ಲಿ ಈ ಕಂಪನಿಗಳ ಮೇಲೆ ಸಾಬೀತಾಯಿತು. 1961ರ ಏಪ್ರಿಲ್ 9ರಂದು ಲಾಂಗ್ ಬೀಚ್ ಮಾರ್ಗದ ಕೊನೆಯ ಕೆಂಪು ರೈಲು, 1963ರ ಮಾರ್ಚ್ 31ರಂದು ನಗರದ ಕೊನೆಯ ಟ್ರಾಮ್ ಓಡಿ ನಿಂತವು.

ಕಾರು ಕಂಪನಿಗಳ ಸಂಚಿನಿಂದಲೇ ರೈಲು ಸತ್ತಿತೆಂಬ ಮಾತು ಜನಜನಿತ. ಆದರೆ ಸಂಚಿನ ಮೊದಲೇ ರೈಲು ಬಡವಾಗಿತ್ತು. ನೆಲ ಮಾರುವುದೇ ಅದರ ಆದಾಯದ ಮೂಲವಾಗಿದ್ದುದರಿಂದ, ನಿವೇಶನಗಳು ಬಿಕರಿಯಾದ ಮೇಲೆ ಹಳಿ ದುರಸ್ತಿಗೆ, ಹೊಸ ಬೋಗಿಗೆ ಹಣವಿರಲಿಲ್ಲ. ದರ ಏರಿಸಬೇಕೆಂದರೆ ಜನ ಸಿಡಿಯುತ್ತಿದ್ದರು. ಖಾಸಗಿ ಕಂಪನಿಯ ನಷ್ಟವನ್ನು ಸರ್ಕಾರ ಏಕೆ ಹೊರಬೇಕೆಂದು ಕೇಳುತ್ತಿದ್ದವರೇ ರಸ್ತೆಗೆ ಸುರಿದ ತೆರಿಗೆ ಹಣವನ್ನು ಪ್ರಶ್ನಿಸಲಿಲ್ಲ.

ಅದೇ ಸೂತ್ರ ಬೇರೆಡೆ ಬೇರೆ ಫಲ ಕೊಟ್ಟದ್ದೂ ಉಂಟು. ಜಪಾನಿನ ಇಚಿಜೊ ಕೊಬಾಯಾಶಿ 1910ರಲ್ಲಿ ಒಸಾಕಾದ ಹೊರವಲಯಕ್ಕೆ ರೈಲು ಓಡಿಸಿ, ಹಳಿಯ ಪಕ್ಕದ ಮನೆಗಳನ್ನು ಕಂತಿನ ಮೇಲೆ ಮಾರಿದ. ಆದರೆ ಅಲ್ಲಿಗೇ ನಿಲ್ಲದೆ ಮಾರ್ಗದ ಒಂದು ತುದಿಯಲ್ಲಿ ನಾಟಕ ತಂಡ ಕಟ್ಟಿದ, 1929ರಲ್ಲಿ ಇನ್ನೊಂದು ತುದಿಯ ನಿಲ್ದಾಣದಲ್ಲೇ ದೊಡ್ಡ ಮಳಿಗೆ ತೆರೆದ. ಪ್ರಯಾಣಿಕ ದಿನವೂ ಬಂದರಷ್ಟೇ ಆ ವ್ಯಾಪಾರ. ಹೀಗಾಗಿ ರೈಲನ್ನು ಚೆನ್ನಾಗಿಡುವುದು ಕಂಪನಿಗೆ ಅನಿವಾರ್ಯವಾಯಿತು. ಹಾಂಕ್ಯು ಹೆಸರಿನ ಆ ರೈಲು ಇಂದಿಗೂ ಓಡುತ್ತಿದೆ.

ಲಾಸ್ ಏಂಜಲೀಸ್ ತಡವಾಗಿ ಎಚ್ಚೆತ್ತುಕೊಂಡಿತು. 1980ರಲ್ಲಿ ಅಲ್ಲಿನ ಮತದಾರರು ಸಾರಿಗೆಗಾಗಿ ಮಾರಾಟ ತೆರಿಗೆಯ ಮೇಲೆ ಅರ್ಧ ಸೆಂಟ್ ಹೆಚ್ಚಿಸಲು ಒಪ್ಪಿದರು. 1990ರ ಜುಲೈ 14ರಂದು ಬ್ಲೂ ಲೈನ್ ಹೆಸರಿನ ಹೊಸ ರೈಲು ಲಾಂಗ್ ಬೀಚ್‌ಗೆ ಹೊರಟಿತು. ಅದು ಸಾಗಿದ ದಾರಿಯ ಬಹುಪಾಲು ಹಂಟಿಂಗ್ಟನ್ 1902ರಲ್ಲಿ ಹಾಸಿದ ಮಾರ್ಗವೇ. 2008 ಮತ್ತು 2016ರಲ್ಲಿ ಜನ ಮತ್ತೆ ಮತ್ತೆ ತೆರಿಗೆ ಏರಿಕೆಗೆ ಮತ ಹಾಕಿದರು. ಹಳಿ ಹಾಸಿದಾಗ ಏರಿದ ನೆಲದ ಬೆಲೆ ಅಂದು ಒಬ್ಬನ ಖಜಾನೆ ಸೇರಿತ್ತು. ಅದೇ ಹಳಿಯನ್ನು ಮರಳಿ ಪಡೆಯಲು ಸೋಪು, ಚಪ್ಪಲಿ ಕೊಳ್ಳುವ ಪ್ರತಿಯೊಬ್ಬ ನಾಗರಿಕನೂ ಇಂದು ತೆರಿಗೆ ತೆರುತ್ತಿದ್ದಾನೆ.