ಗೆಳೆಯರ ಗುಂಪಿನ ಬೇಂದ್ರೆಯವರು

ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರನ್ನು ಕೇಳದ ಕನ್ನಡಿಗನು ಮುಂಬಯಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಸಿಕ್ಕುವುದು ವಿರಳ. ಅಕ್ಷರ ಬಲ್ಲವರಿಗೂ ಬಾರದವರಿಗೂ ಅವರ ಹಾಡುಗಳು ಬಾಯಿಪಾಠವಾಗಿವೆ. ವರಕವಿಯೆಂದೊಡನೆ ಏಕಾಂತದಲ್ಲಿ ಕುಳಿತು ತನ್ನಷ್ಟಕ್ಕೆ ತಾನೇ ಹಾಡಿಕೊಂಡ ಒಬ್ಬ ಪುರುಷನ ಚಿತ್ರವು ನಮ್ಮ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಬೇಂದ್ರೆಯವರ ಬಾಳನ್ನು ನೋಡಿದರೆ ಈ ಚಿತ್ರವು ಅರ್ಧ ಮಾತ್ರ ಸರಿ. ಅವರು ತಮ್ಮ ಕಾವ್ಯವನ್ನು ಗೆಳೆಯರ ನಡುವೆ ಬೆಳೆಸಿದರು. ಆ ಗೆಳೆಯರೂ ಅವರ ನಡುವೆ ಬೆಳೆದರು. ಆ ಸ್ನೇಹವೃಂದಕ್ಕೆ ಅವರಿಟ್ಟ ಹೆಸರೂ ಅಷ್ಟೇ ಸರಳವಾದುದು: ಗೆಳೆಯರ ಗುಂಪು.

ಅವರು ಹುಟ್ಟಿದುದು 1896ನೆಯ ಇಸವಿ ಜನವರಿ 31ರಂದು, ಧಾರವಾಡದಲ್ಲಿ. ಮನೆತನವು ವೇದಶಾಸ್ತ್ರ ಬಲ್ಲವರದು, ಸಂಪತ್ತು ಬಲ್ಲವರದಲ್ಲ. ದತ್ತಾತ್ರೇಯನು ಇನ್ನೂ ಬಾಲಕನಾಗಿರುವಾಗಲೇ ತಂದೆ ರಾಮಚಂದ್ರರು ತೀರಿಕೊಂಡರು. ನಾಲ್ವರು ಗಂಡುಮಕ್ಕಳಲ್ಲಿ ಇವನೇ ಹಿರಿಯನು. ತಾಯಿ ಅಂಬಿಕೆಯು ಖಾನಾವಳಿ ನಡೆಸಿ, ಅನ್ನಕ್ಕೆ ಬಂದವರಿಗೆ ಬಡಿಸಿ, ಅದರಿಂದ ಬಂದ ಪುಡಿಗಾಸಿನಲ್ಲಿ ಮಕ್ಕಳನ್ನು ಸಾಕಿದಳು. ಒಲೆಯ ಮುಂದಿನ ಬೇಗೆಯನ್ನೂ ತಿಂಗಳ ಕೊನೆಯ ಲೆಕ್ಕವನ್ನೂ ಬಲ್ಲ ನಮ್ಮ ವಾಚಕರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮುಂದೆ ಕವಿಯು ತನ್ನ ಕಾವ್ಯನಾಮವನ್ನು ಆರಿಸಿಕೊಂಡಾಗ ತಾಯಿಯ ಹೆಸರನ್ನೇ ಮುಂದಿಟ್ಟು ಅಂಬಿಕಾತನಯದತ್ತನೆಂದು ಕರೆದುಕೊಂಡನು.

1913ರಲ್ಲಿ ಮ್ಯಾಟ್ರಿಕ್ ಮುಗಿಯಿತು. ಚಿಕ್ಕಪ್ಪನವರ ನೆರವಿನಿಂದ ಪುಣೆಗೆ ಹೋಗಿ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ಮನೆಯಲ್ಲಿ ಆಡುವ ಭಾಷೆ ಮರಾಠಿ, ಓದುವ ಊರು ಪುಣೆ. ಮರಾಠಿಯ ಕವಿಯಾಗಲು ಇದಕ್ಕಿಂತ ಹೆಚ್ಚಿನ ಅನುಕೂಲವೇನು ಬೇಕು? ಆದರೆ ಧಾರವಾಡದ ಓಣಿಯಲ್ಲಿ ಕಿವಿಗೆ ಬಿದ್ದ ಕನ್ನಡವು ಅವರನ್ನು ಬಿಡಲಿಲ್ಲ. ಪುಣೆಯಲ್ಲಿದ್ದಾಗಲೇ ಕನ್ನಡದ ಗೆಳೆಯರನ್ನು ಕೂಡಿಸಿಕೊಂಡು ಶಾರದಾ ಮಂಡಲವೆಂಬ ಚಿಕ್ಕ ಕೂಟವೊಂದನ್ನು ಕಟ್ಟಿದರು. ಪರಸ್ಥಳದಲ್ಲಿ ನಾಲ್ವರು ಕನ್ನಡಿಗರು ಕಲೆತರೆ ಒಂದು ಸಂಘವಾಗುವುದೆಂದು ನಮ್ಮನ್ನು ಹಾಸ್ಯ ಮಾಡುವವರುಂಟು. ಕನ್ನಡದ ಒಂದು ದೊಡ್ಡ ಸಾಹಿತ್ಯವೃಂದದ ಬೀಜವು ಅಂತಹ ಕೂಟವೊಂದರಲ್ಲಿಯೇ ಇದ್ದಿತೆಂಬುದನ್ನು ಅವರು ಮರೆಯಬಾರದು.

1918ರಲ್ಲಿ ಬಿ.ಎ. ಆಗಿ ಊರಿಗೆ ಮರಳಿ, ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಮರುವರ್ಷ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. ಆಗಿನ ಧಾರವಾಡದ ಸ್ಥಿತಿಯನ್ನು ಇಲ್ಲಿ ನೆನೆಯುವುದು ಅವಶ್ಯ. ಕನ್ನಡನಾಡು ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಮೈಸೂರು ಸಂಸ್ಥಾನ, ನಿಜಾಮರ ರಾಜ್ಯ, ಇನ್ನೂ ಸಣ್ಣಪುಟ್ಟ ಸಂಸ್ಥಾನಗಳೆಂದು ಹರಿದು ಹಂಚಿಹೋಗಿದ್ದಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ವಿದ್ಯಾವಂತರ ಮನ್ನಣೆಯು ಮರಾಠಿಗೆ ಸಲ್ಲುತ್ತಿತ್ತು. ಕನ್ನಡವು ಮನೆಯ ಹಿತ್ತಿಲ ಭಾಷೆಯಾಗಿತ್ತು. ಆಲೂರು ವೆಂಕಟರಾಯರಂಥ ಹಿರಿಯರು ಕರ್ನಾಟಕತ್ವದ ಮಂತ್ರವನ್ನು ಸಾರುತ್ತಿದ್ದರೂ ಅದನ್ನು ಹಾಡಾಗಿ, ಕಥೆಯಾಗಿ, ನಾಟಕವಾಗಿ ಜನದ ಬಾಯಿಗೆ ತರುವವರು ಬೇಕಾಗಿದ್ದರು.

ಇಂತಹ ಸಮಯದಲ್ಲಿ, 1922ರ ಸುಮಾರಿಗೆ, ಗೆಳೆಯರ ಗುಂಪು ರೂಪುಗೊಂಡಿತು. ಬೆಟಗೇರಿ ಕೃಷ್ಣಶರ್ಮರು, ಶಂ. ಬಾ. ಜೋಶಿಯವರು, ರಂ. ಶ್ರೀ. ಮುಗಳಿಯವರು, ಶ್ರೀರಂಗರು, ಎನ್ಕೆಯವರು, ಜಿ. ಬಿ. ಜೋಶಿಯವರು, ವಿನಾಯಕ ಕೃಷ್ಣ ಗೋಕಾಕರು ಹೀಗೆ ಒಬ್ಬೊಬ್ಬರಾಗಿ ಬಂದು ಕೂಡಿದರು. ಎಲ್ಲರೂ ಒಮ್ಮೆಲೇ ಬಂದವರಲ್ಲ. ಗೋಕಾಕರು ಕರ್ನಾಟಕ ಕಾಲೇಜಿನಲ್ಲಿ ಓದುತ್ತಿರುವಾಗ ಬೇಂದ್ರೆಯವರ ಸೆಳೆತಕ್ಕೆ ಸಿಕ್ಕವರು, ಅವರಿಗಿಂತ ಹದಿಮೂರು ವರ್ಷ ಚಿಕ್ಕವರು. ಶಂ. ಬಾ. ಜೋಶಿಯವರಾದರೋ ಬೇಂದ್ರೆಯವರು ಹುಟ್ಟಿದ ವರ್ಷವೇ ಹುಟ್ಟಿದವರು. ಹೆಚ್ಚಿನವರು ಹಳ್ಳಿಗಳಿಂದ, ಸಣ್ಣ ಊರುಗಳಿಂದ ಧಾರವಾಡಕ್ಕೆ ಬಂದವರು. ಗುಂಪಿಗೆ ಹಣದ ಬಲವಿರಲಿಲ್ಲ.

ಇದ್ದ ಬಲವೆಂದರೆ ಕೇಳುವ ಕಿವಿಗಳದು. ಬೇಂದ್ರೆಯವರು ಕವಿಯಾಗಿದ್ದಂತೆಯೇ ಅಸಾಧಾರಣ ಮಾತುಗಾರರೂ ಆಗಿದ್ದರು. ಮಾತು ಹೊರಟಿತೆಂದರೆ ವೇದದಿಂದ ಲಾವಣಿಗೆ, ಲಾವಣಿಯಿಂದ ಗಣಿತಕ್ಕೆ ಹರಿಯುವುದು, ಗಂಟೆಗಳ ಪರಿವೆಯಿಲ್ಲ. ಅಂಥವರಿಗೆ ಅಚ್ಚಿನ ಪುಸ್ತಕಕ್ಕಿಂತ ಮೊದಲು ಬೇಕಾದುದು ಎದುರಿಗೆ ಕುಳಿತು ತಲೆದೂಗುವ, ಬೇಕಾದರೆ ತಕರಾರು ತೆಗೆಯುವ ಸ್ನೇಹಿತರು. ಧಾರವಾಡದ ಆಡುಮಾತಿನಲ್ಲಿ, ಜಾನಪದ ಮಟ್ಟುಗಳಲ್ಲಿ ಗಂಭೀರವಾದ ಕವಿತೆಯನ್ನು ಬರೆಯಬಹುದೆಂಬ ನಂಬಿಕೆಯು ಅಂದಿನ ಪಂಡಿತರಲ್ಲಿ ಎಷ್ಟು ಜನಕ್ಕಿದ್ದಿತೋ ಕಾಣೆವು. ಗುಂಪಿನ ಗೆಳೆಯರಿಗೆ ಇದ್ದಿತು. ನಮ್ಮ ದೃಷ್ಟಿಯಲ್ಲಿ ಬೇಂದ್ರೆಯವರಿಗೆ ಅವರು ಮಾಡಿದ ಮಹೋಪಕಾರವು ಇದುವೇ.

ಗುಂಪಿನವರು ಬರಿಯ ಹರಟೆಯಲ್ಲಿ ಕಾಲ ಕಳೆದವರೂ ಅಲ್ಲ. ಆಲೂರು ವೆಂಕಟರಾಯರು ಹುಟ್ಟುಹಾಕಿದ ಜಯಕರ್ನಾಟಕ ಮಾಸಪತ್ರಿಕೆಯ ಹೊಣೆಯನ್ನು ಹೊತ್ತರು. ಬೇಂದ್ರೆಯವರೂ ಬೆಟಗೇರಿ ಕೃಷ್ಣಶರ್ಮರೂ ಅದರ ಸಂಪಾದನೆಯಲ್ಲಿ ದುಡಿದರು. 1926ರಲ್ಲಿ ಬೇಂದ್ರೆಯವರು ನವರಾತ್ರಿಯ ದಿನಗಳಲ್ಲಿ ನಾಡಹಬ್ಬವನ್ನು ಆರಂಭಿಸಿದರು. ಅದುವರೆಗೆ ಮನೆಯ ದೇವರಿಗೆ ಸೀಮಿತವಾಗಿದ್ದ ಒಂಬತ್ತು ದಿನಗಳು ನಾಡು, ನುಡಿ, ಸಂಸ್ಕೃತಿಗಳ ಉಪನ್ಯಾಸ, ಹಾಡು, ಕೂಟಗಳಿಗೆ ತೆರೆದುಕೊಂಡವು. ಹೊರನಾಡಿನ ಕನ್ನಡ ಸಂಘಗಳು ದಸರೆಯ ಸುಮಾರಿಗೆ ನಡೆಸುತ್ತ ಬಂದ ನಾಡಹಬ್ಬಕ್ಕೆ ಮೂಲವು ಅಲ್ಲಿದೆ. ಹಗಲಿಡೀ ಗಿರಾಕಿಗಳ ನಡುವೆ ಓಡಾಡಿ, ರಾತ್ರಿ ಸಂಘದ ಸಭಾಗೃಹದ ಹಿಂಬದಿಯಲ್ಲಿ ನಿಂತು ಭಾಷಣ ಕೇಳಿದ ನಮ್ಮವರಲ್ಲಿ ಎಷ್ಟು ಜನರಿಗೆ ಈ ಹಬ್ಬವು ಒಬ್ಬ ಶಾಲಾಮಾಸ್ತರರ ಕಲ್ಪನೆಯೆಂಬುದು ಗೊತ್ತಿದ್ದೀತು!

ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಇದೇ ಕಾಲಕ್ಕೆ ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಮತ್ತಿತರರೂ ತಮ್ಮದೇ ಆದ ಬಳಗವನ್ನು ಕಟ್ಟಿ, ಒಕ್ಕಲಿಗರ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಳ್ಳುತ್ತಿದ್ದರು. ಧಾರವಾಡದ ಗುಂಪಿಗೂ ಹಲಸಂಗಿಯ ಬಳಗಕ್ಕೂ ಗಾಢವಾದ ಮೈತ್ರಿ ಬೆಳೆಯಿತು. ಮಧುರಚೆನ್ನರು ಬೇಂದ್ರೆಯವರಿಗೆ ಆತ್ಮೀಯರಾದರು. ಮುಂದೆ ಶ್ರೀ ಅರವಿಂದರ ತತ್ತ್ವವೂ ಇಬ್ಬರನ್ನೂ ಗೋಕಾಕರನ್ನೂ ಒಂದು ದಾರಿಗೆ ತಂದಿತು. 1929ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನವು ನಡೆದಾಗ ಬೇಂದ್ರೆಯವರು ಕಾಲವನ್ನು ಹಕ್ಕಿಗೆ ಹೋಲಿಸಿದ ತಮ್ಮ ಕವಿತೆಯನ್ನು ಹೇಳಿ ಸಭೆಯನ್ನು ಬೆರಗುಗೊಳಿಸಿದರು. ಮೈಸೂರಿನ ಕಡೆಯವರಿಗೆ ಧಾರವಾಡದ ದನಿಯು ಚೆನ್ನಾಗಿ ಕೇಳಿಸಿದುದು ಅಂದು.

ಇನ್ನು ಕಷ್ಟದ ಕಾಲ. 1932ರಲ್ಲಿ ಗರಿ ಎಂಬ ಕವನಸಂಗ್ರಹವು ಹೊರಬಂದಿತು. ಅದರಲ್ಲಿಯ ನರಬಲಿ ಎಂಬ ಕವಿತೆಯಲ್ಲಿ ಆಂಗ್ಲ ಸರಕಾರವು ರಾಜದ್ರೋಹವನ್ನು ಕಂಡಿತು. ಕವಿಯನ್ನು ಬೆಳಗಾವಿಯ ಹಿಂಡಲಗಿ ಸೆರೆಮನೆಗೆ ಕಳುಹಿಸಿ, ಬಳಿಕ ಧಾರವಾಡದ ಬಳಿಯ ಮುಗದವೆಂಬ ಹಳ್ಳಿಯಲ್ಲಿ ನಿರ್ಬಂಧದಲ್ಲಿಟ್ಟರು. ಬಿಡುಗಡೆಯ ತರುವಾಯವೂ ಬಹುಕಾಲ ಸ್ಥಿರವಾದ ನೌಕರಿ ಸಿಕ್ಕಲಿಲ್ಲ. ಸಂಬಳವಿಲ್ಲದ ಸಂಸಾರದ ಬವಣೆಯೊಂದೆಡೆ. ಹುಟ್ಟಿದ ಮಕ್ಕಳನ್ನು ಒಂದರ ಮೇಲೊಂದರಂತೆ ಮಣ್ಣಿಗೆ ಒಪ್ಪಿಸಿದ ದುಃಖವೊಂದೆಡೆ. ಗಂಡಹೆಂಡಿರ ಈ ಬಾಳನ್ನೇ ಅವರು 1937ರ ಸಖೀಗೀತದಲ್ಲಿ ಮುಚ್ಚುಮರೆಯಿಲ್ಲದೆ ತೋಡಿಕೊಂಡರು. ನಾಲ್ವತ್ತರ ಹತ್ತಿರ ಬಂದಿದ್ದ ಗೃಹಸ್ಥನು ಮತ್ತೆ ವಿದ್ಯಾರ್ಥಿಯಾಗಿ 1935ರಲ್ಲಿ ಎಂ.ಎ. ಪದವಿಯನ್ನು ಪಡೆದನೆಂದರೆ ಹೊಟ್ಟೆಪಾಡಿನ ಒತ್ತಡವು ಎಷ್ಟಿದ್ದಿತೆಂದು ಊಹಿಸಬಹುದು.

ಗುಂಪು ಈ ಕಾಲದಲ್ಲಿ ಇನ್ನೊಂದು ಕೆಲಸಕ್ಕೆ ಕೈಹಾಕಿತು. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಗೆಳೆಯರ ಬರಹಗಳಿಗೆ ಸ್ವಂತದ್ದೊಂದು ಮನೆಯಾಯಿತು. ಹಳೆಯ ಕಟ್ಟಡವೊಂದರ ಅಟ್ಟವೇ ಅದರ ಕಚೇರಿ. ಅಟ್ಟವೆಂದರೆ ಧಾರವಾಡದ ಸಾಹಿತಿಗಳಿಗೆ ಬೇರೆ ವಿಳಾಸ ಹೇಳಬೇಕಾಗಿರಲಿಲ್ಲ. ಜೋಶಿಯವರು ತಾವೂ ಜಡಭರತನೆಂಬ ಹೆಸರಿನಿಂದ ನಾಟಕಗಳನ್ನು ಬರೆದವರು. ಆದರೂ ಪರರ ಪುಸ್ತಕಗಳನ್ನು ಅಚ್ಚು ಹಾಕಿಸಿ ಮಾರುವ ಕಾರ್ಯಕ್ಕೆ ಆಯುಷ್ಯವನ್ನೇ ತೆತ್ತರು. ಬಹಳ ವರ್ಷಗಳ ಮೇಲೆ, 1961ರಲ್ಲಿ, ಗಿರೀಶ ಕಾರ್ನಾಡರೆಂಬ ತರುಣನ ಯಯಾತಿ ನಾಟಕವು ಪ್ರಕಟವಾದುದೂ ಈ ಅಟ್ಟದಿಂದಲೇ.

ಗುಂಪು ಮೊದಲಿನಂತೆಯೇ ಉಳಿಯಿತೆಂದು ಹೇಳಿದರೆ ತಪ್ಪಾದೀತು. ಹೊಟ್ಟೆಯ ಪಾಡು ಗೆಳೆಯರನ್ನು ಊರೂರಿಗೆ ಚದುರಿಸಿತು. ಮುಗಳಿಯವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೆ ಅಧ್ಯಾಪಕರಾಗಿ ಹೋದರು. ಗೋಕಾಕರು ಪುಣೆಗೆ, ಆಕ್ಸ್‌ಫರ್ಡಿಗೆ, ಮರಳಿ ಸಾಂಗಲಿಗೆ ಎಂದು ಅಲೆದರು. ವಿಚಾರಗಳೂ ಕವಲೊಡೆದವು. ಶಂ. ಬಾ. ಜೋಶಿಯವರು ಸ್ಥಳನಾಮಗಳ ಬೇರನ್ನು ಹಿಡಿದು ಕನ್ನಡಿಗರ ಪ್ರಾಚೀನತೆಯನ್ನು ಶೋಧಿಸುವ ತಪಸ್ಸಿಗೆ ಕುಳಿತರು. ಶ್ರೀರಂಗರು ರಂಗಭೂಮಿಯ ಮೇಲೆ ಹಳೆಯ ನಂಬಿಕೆಗಳನ್ನು ಚುಚ್ಚಿ ನಗಿಸಿದರು. ಬೇಂದ್ರೆಯವರ ಅಧ್ಯಾತ್ಮದ ಒಲವು ಎಲ್ಲರಿಗೂ ಒಪ್ಪಿಗೆಯಾಗುವಂಥದೂ ಅಲ್ಲ. ಪ್ರಬಲವಾದ ವ್ಯಕ್ತಿತ್ವದ ಸುತ್ತ ಕೂಡಿದ ಗುಂಪಿಗೆ ಇದು ತಪ್ಪಿದ್ದಲ್ಲ. ಎಲ್ಲರೂ ಬೇಂದ್ರೆಯವರಂತೆಯೇ ಬರೆಯತೊಡಗಿದ್ದರೆ ಅದು ಗುಂಪಿನ ಸೋಲಾಗುತ್ತಿತ್ತು. ಒಬ್ಬರ ಹಾದಿಯಲ್ಲಿ ಇನ್ನೊಬ್ಬರು ನಡೆಯಲಿಲ್ಲವೆಂಬುದನ್ನು ನಾವು ಅದರ ಗೆಲುವೆಂದೇ ಎಣಿಸುತ್ತೇವೆ.

1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನವು ಬೇಂದ್ರೆಯವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. ಸ್ಥಿರವಾದ ನೌಕರಿ ದೊರೆತುದು ಅದರ ಮರುವರ್ಷ, ಅದೂ ಧಾರವಾಡದಲ್ಲಿ ಅಲ್ಲ. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿ 1944ರಿಂದ 1956ರವರೆಗೆ ಅವರು ದುಡಿದರು. ಗಿರಣಿಗಳ ಆ ಊರಿನಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುತ್ತಿದ್ದವು. ಊರಲ್ಲಿ ಮನೆ, ಅನ್ನ ಮಾತ್ರ ಬೇರೆಡೆ. ಈ ಬಗೆಯ ಬಾಳು ನಮ್ಮ ವಾಚಕರಿಗೆ ಹೊಸದಲ್ಲ. ಅಲ್ಲಿಯೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

1956ರಲ್ಲಿ, ಧಾರವಾಡವು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡಿಗರ ರಾಜ್ಯಕ್ಕೆ ಸೇರಿದ ವರ್ಷವೇ, ಅವರು ಊರಿಗೆ ಮರಳಿದರು. ಧಾರವಾಡ ಆಕಾಶವಾಣಿಗೆ ಸಲಹೆಗಾರರಾದರು. ಎನ್ಕೆಯವರೂ ಆಕಾಶವಾಣಿಯಲ್ಲಿ ಇದ್ದರು. ಸಾಧನಕೇರಿಯ ದಂಡೆಯ ಶ್ರೀಮಾತಾ ಎಂಬ ಮನೆಗೆ ಹೊಸ ತಲೆಮಾರಿನವರು ಬರತೊಡಗಿದರು. ಮಧುರಚೆನ್ನರು ಮಾತ್ರ ಅದನ್ನು ನೋಡಲು ಉಳಿದಿರಲಿಲ್ಲ, 1953ರಲ್ಲಿಯೇ ತೀರಿಕೊಂಡಿದ್ದರು.

ಮುಂದಿನ ಮನ್ನಣೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು: ಅರಳು ಮರಳು ಸಂಗ್ರಹಕ್ಕೆ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ನಾಕುತಂತಿಗೆ 1973ರ ಜ್ಞಾನಪೀಠ. ಇದೇ ಅಕಾಡೆಮಿಯ ಪ್ರಶಸ್ತಿಯು ಗುಂಪಿನ ಮುಗಳಿಯವರಿಗೆ, ಶಂ. ಬಾ. ಜೋಶಿಯವರಿಗೆ, ಶ್ರೀರಂಗರಿಗೆ, ಗೋಕಾಕರಿಗೆ ಕೂಡ ಸಂದಿತು. ಒಂದು ಊರಿನಲ್ಲಿ ಕಲೆತ ಒಂದು ಹಿಡಿ ಜನಕ್ಕೆ ಇಷ್ಟು ಸಂದ ನಿದರ್ಶನವು ಕನ್ನಡದಲ್ಲಿ ಹೆಚ್ಚಿಲ್ಲ.

1981ರ ಅಕ್ಟೋಬರ್ 26ರಂದು, ದೀಪಾವಳಿಯ ದಿನಗಳಲ್ಲಿ, ಬೇಂದ್ರೆಯವರು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಅವರೊಡನೆ ಜಯಕರ್ನಾಟಕಕ್ಕೆ ದುಡಿದ ಬೆಟಗೇರಿ ಕೃಷ್ಣಶರ್ಮರು ಮರುವರ್ಷ ಅದೇ ಅಕ್ಟೋಬರ್ ತಿಂಗಳಿನಲ್ಲಿ ತೀರಿಕೊಂಡರು. ಜಿ. ಬಿ. ಜೋಶಿಯವರು ಇನ್ನೂ ಹನ್ನೆರಡು ವರ್ಷ ಆ ಅಟ್ಟವನ್ನು ಹತ್ತಿ ಇಳಿದರು.