ಪೆಟ್ಟಿಗೆ ಪೆಟ್ಟಲ್ಲ: ಜೇಮ್ಸ್ ನೈಸ್ಮಿತ್ ಅವರ ಆಟ

ನಂದನಂ ಮಾರ್ಗವಾಗಿ ಓಡಾಡುವ ನಮ್ಮ ಬಂಧುಗಳು ಅಲ್ಲಿಯ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ನೋಡಿಯೇ ಇರುವರು. 1920ರಲ್ಲಿ ಅದನ್ನು ಈ ನಗರದಲ್ಲಿ ಸ್ಥಾಪಿಸಿದ ಹ್ಯಾರಿ ಕ್ರೋ ಬಕ್ ಅವರು ವಿದ್ಯೆ ಕಲಿತುದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ. ಬಾಸ್ಕೆಟ್‌ಬಾಲ್ ಆಟ ಹುಟ್ಟಿದುದೂ ಅಲ್ಲಿಯೇ. ಅದರ ಜನಕರಾದ ಜೇಮ್ಸ್ ನೈಸ್ಮಿತ್ ಅವರ ಜೀವನವನ್ನು ಇಂದು ವಾಚಕರಿಗೆ ಸಂಕ್ಷೇಪವಾಗಿ ನಿವೇದಿಸುತ್ತೇವೆ.

1861ರಲ್ಲಿ ಕೆನಡಾ ದೇಶದಲ್ಲಿ ಜನಿಸಿದ ನೈಸ್ಮಿತ್ ಒಂಬತ್ತನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. ಓದು ಬಿಟ್ಟು ಕೆಲಕಾಲ ಮರ ಕಡಿಯುವ ಕೆಲಸ ಮಾಡಿದರು. ಓದು ಬಿಟ್ಟು ದುಡಿಮೆಗಿಳಿಯುವ ಸಂಕಟವನ್ನು ನಮ್ಮಲ್ಲಿ ಅನೇಕರು ಬಲ್ಲೆವು. ಮುಂದೆ ಅವರು ಮರಳಿ ಶಾಲೆ ಸೇರಿ, ಮಾಂಟ್ರಿಯಲ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಪಾದ್ರಿಯಾಗಬೇಕಾದವರು ಫುಟ್‌ಬಾಲ್ ಆಡುವರಲ್ಲಾ ಎಂದು ಸಹಪಾಠಿಗಳು ಅವರ ಉದ್ಧಾರಕ್ಕಾಗಿ ಪ್ರಾರ್ಥಿಸಿದರಂತೆ. ಒಮ್ಮೆ ಜೊತೆಯ ಆಟಗಾರನೊಬ್ಬನು ಕೋಪದಿಂದ ಕೆಟ್ಟ ಮಾತನಾಡಿ, ಪಕ್ಕದಲ್ಲಿ ನೈಸ್ಮಿತ್ ಇರುವುದನ್ನು ಕಂಡು ಕ್ಷಮೆ ಬೇಡಿದನು. ಮೈದಾನದಲ್ಲಿಯೂ ಯುವಕರನ್ನು ತಿದ್ದಬಹುದೆಂದು ಅವರಿಗೆ ಆಗ ತೋರಿತು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಉಪಾಧ್ಯಾಯರಾಗಿದ್ದಾಗ, 1891ರ ಡಿಸೆಂಬರಿನಲ್ಲಿ, ಎರಡು ಹಣ್ಣಿನ ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಕಟ್ಟಿ ಹೊಸ ಆಟವೊಂದನ್ನು ಆಡಿಸಿದರು. ಚೆಂಡು ಹಿಡಿದು ಓಡಿದರೆ ಎದುರಾಳಿ ಮೈಮೇಲೆ ಬೀಳುವನು. ಆದುದರಿಂದ ಓಡುವುದನ್ನೇ ನಿಷೇಧಿಸಿದರು. ಅವರ 13 ನಿಯಮಗಳ ಪ್ರಕಾರ ತಳ್ಳುವುದು, ಹಿಡಿಯುವುದು, ಹೊಡೆಯುವುದು ಎಲ್ಲವೂ ತಪ್ಪು. ಎರಡನೆಯ ಸಲ ತಪ್ಪಿದವನು ಮುಂದಿನ ಗೋಲಿನವರೆಗೆ ಹೊರಗೆ. ಒಂದು ಪಕ್ಷ ಒಂದರ ಮೇಲೊಂದರಂತೆ ಮೂರು ಸಲ ತಪ್ಪಿದರೆ ಎದುರು ಪಕ್ಷಕ್ಕೆ ಒಂದು ಗೋಲು.

ಕೆನ್ನೆಗೆ ಹೊಡೆದವನಿಗೆ ಮತ್ತೊಂದು ಕೆನ್ನೆಯನ್ನೂ ತೋರೆಂದು ಏಸುಕ್ರಿಸ್ತರು ಪರ್ವತ ಪ್ರಸಂಗದಲ್ಲಿ ಬೋಧಿಸಿದರು. ಹಾಗಾದರೆ ಪಂದ್ಯದಲ್ಲಿ ಸೋಲಬೇಕೆ ಎಂದು ಕೇಳುವವರುಂಟು. ಸೋಲಬೇಕಾಗಿಲ್ಲ; ಶಿಕ್ಷೆಯನ್ನು ತೀರ್ಪುಗಾರನಿಗೆ ಬಿಟ್ಟು, ತಾನು ಚೆಂಡಿನ ಮೇಲೆ ಕಣ್ಣಿಡಬೇಕು. ನೈಸ್ಮಿತ್ ಅವರ ನಿಯಮಗಳಿಂದ ನಾವು ತಿಳಿದುಕೊಂಡುದು ಇದನ್ನೇ.

ನಾವು ಹೋಟೆಲು ನಡೆಸುತ್ತಿದ್ದಾಗ ನಮ್ಮ ಸಪ್ಲೈಯರ್ ಹುಡುಗನೊಬ್ಬನು ರಜೆಯ ದಿನದ ಪಂದ್ಯವೊಂದರಲ್ಲಿ ಮೊಣಕೈ ಪೆಟ್ಟಿಗೆ ಮುಷ್ಟಿಯಿಂದ ಉತ್ತರ ಕೊಟ್ಟು, ಬೆರಳು ಮುರಿದುಕೊಂಡು, ಒಂದು ತಿಂಗಳು ತಟ್ಟೆ ಹಿಡಿಯಲಾರದೆ ಕುಳಿತನು. ಮೊದಲ ಪೆಟ್ಟನ್ನು ತೀರ್ಪುಗಾರನು ಕಂಡಿರಲಿಲ್ಲ. ಎರಡನೆಯದನ್ನು ಎಲ್ಲರೂ ಕಂಡರು. ಕಾಣದ ಪೆಟ್ಟನ್ನು ಸಹಿಸಿದ್ದರೆ ಹೋಗುತ್ತಿದ್ದುದು ಒಂದು ಅಂಕ ಮಾತ್ರ. ಊರಿನಲ್ಲಿ ಅವನ ಮನಿಯಾರ್ಡರಿಗಾಗಿ ಕಾದಿದ್ದ ತಾಯಿಗೆ ಕಾಗದ ಬರೆದವರು ನಾವೇ.

ನೈಸ್ಮಿತ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟವನ್ನು ಕಣ್ಣಾರೆ ಕಂಡು, 1939ರ ನವೆಂಬರ್ 28ರಂದು ಕಾಲವಾದರು. ಮೈದಾನಕ್ಕೆ ಇಳಿಯುವ ನಮ್ಮ ತರುಣರು ಅವರನ್ನು ಸ್ಮರಿಸಲಿ.